ಡ್ರೈವ್ ತೋರುವ ಸಂಖ್ಯೆ: ಅಳಿಸುವ ಮುನ್ನ ಓದಿಕೊಳ್ಳಿ

ಜಲಪಾತದ ಬಲದಿಂದ 19ನೆಯ ಶತಮಾನದ ಕೊನೆಯಲ್ಲಿಯೇ ನೂಲಿನ ಗಿರಣಿ ನಡೆಸಿದ ಹಿರಿಮೆ ಗೋಕಾಕಕ್ಕೆ ಸಲ್ಲುತ್ತದೆ. ಘಟಪ್ರಭಾ ನದಿಗೆ ಹಿಡಕಲ್ ಜಲಾಶಯ ನಿರ್ಮಾಣವಾದ ಬಳಿಕ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಲ್ಲಿ ಕಬ್ಬು ಹಾಗೂ ಅದನ್ನು ಅವಲಂಬಿಸಿದ ಉದ್ಯಮಗಳು ಬೆಳೆದವು. ಇಂತಹ ಉದ್ಯಮಗಳಲ್ಲಿ ಮೋಟಾರಿನ ವೇಗವನ್ನು ನಿಯಂತ್ರಿಸುವ ಸಾಧನವೇ ‘ಡ್ರೈವ್’. ಹಂಗಾಮಿನಲ್ಲಿ ಅದು ನಿಂತರೆ ಕಡಿದ ಕಬ್ಬು ಕಾಯುವುದಿಲ್ಲ. ತೂಕವೂ ಸಕ್ಕರೆಯ ಅಂಶವೂ ಇಳಿಯತೊಡಗುತ್ತವೆ.

ಈ ಅವಸರದಲ್ಲಿ ಪರದೆಯ ಸಂಖ್ಯೆಯನ್ನು ಗಮನಿಸದೆ ಮತ್ತೆ ಮತ್ತೆ ರೀಸೆಟ್ ಗುಂಡಿ ಒತ್ತುವುದು ಸಾಮಾನ್ಯ. ಶಾರ್ಟ್ ಸರ್ಕ್ಯೂಟ್ ಇದ್ದಾಗ ಹೀಗೆ ಮಾಡಿದರೆ, ಕೇಬಲ್ ದುರಸ್ತಿಯಿಂದ ಮುಗಿಯಬಹುದಾದ ಕೆಲಸ ಡ್ರೈವನ್ನೇ ಬದಲಿಸುವ ವೆಚ್ಚಕ್ಕೆ ತಿರುಗಬಹುದು.

ದೋಷ ಸಂಕೇತಗಳು ಎಲ್ಲ ತಯಾರಕರಲ್ಲಿಯೂ ಒಂದೇ ಆಗಿರುವುದಿಲ್ಲ. ಸೀಮೆನ್ಸ್ ಮೈಕ್ರೋಮಾಸ್ಟರ್ 440ರಲ್ಲಿ ಎಫ್0001 ಅಧಿಕ ವಿದ್ಯುತ್ ಪ್ರವಾಹವನ್ನೂ, ಎಫ್0002 ಅಧಿಕ ವೋಲ್ಟೇಜನ್ನೂ, ಎಫ್0003 ಕಡಿಮೆ ವೋಲ್ಟೇಜನ್ನೂ ಸೂಚಿಸುತ್ತವೆ. ಆದುದರಿಂದ ಆಯಾ ಮಾದರಿಯ ಕೈಪಿಡಿ ಯಂತ್ರದ ಬಳಿಯಲ್ಲೇ ಇರಬೇಕು.

ಸಂಕೇತವು ಲಕ್ಷಣವನ್ನು ಹೇಳುತ್ತದೆ. ಕಾರಣವನ್ನು ಹುಡುಕಬೇಕಾದವರು ನಾವು. ಆರಂಭದಲ್ಲಿಯೇ ಅಧಿಕ ಪ್ರವಾಹ ಕಂಡರೆ ಯಂತ್ರ ಬಿಗಿಯಾಗಿದೆಯೇ, ವೇಗವೇರಿಕೆಗೆ ಕೊಟ್ಟ ಸಮಯ ಸಾಲದೇ, ಕೇಬಲ್ ಕೆಟ್ಟಿದೆಯೇ ಎಂದು ಪರೀಕ್ಷಿಸಬೇಕು. ಸಕ್ಕರೆಯ ಸೆಂಟ್ರಿಫ್ಯೂಗಲ್‌ನಂತಹ ಭಾರದ ಯಂತ್ರವನ್ನು ಬೇಗನೆ ನಿಲ್ಲಿಸಿದಾಗ ಮೋಟಾರು ಜನರೇಟರಿನಂತೆ ವರ್ತಿಸಿ ವಿದ್ಯುತ್ತನ್ನು ಹಿಂದಕ್ಕೆ ಕಳುಹಿಸುತ್ತದೆ. ಆಗ ಅಧಿಕ ವೋಲ್ಟೇಜ್ ದೋಷ ಉಂಟಾಗುತ್ತದೆ. ನಿಲುಗಡೆಯ ಸಮಯವನ್ನು ಹೆಚ್ಚಿಸುವುದು ಅಥವಾ ಬ್ರೇಕ್ ರೆಸಿಸ್ಟರ್ ಅಳವಡಿಸುವುದು ಪರಿಹಾರ. ಅಧಿಕ ತಾಪದ ಸಂಕೇತ ಬಂದರೆ ಮೊದಲು ಫ್ಯಾನ್ ಮತ್ತು ಗಾಳಿಯ ದಾರಿಯನ್ನು ನೋಡಬೇಕು. ಕಬ್ಬಿನ ಸಿಪ್ಪೆಯ ಧೂಳು ಅಲ್ಲಿ ಕಟ್ಟಿಕೊಂಡಿರಬಹುದು.

ಸುರಕ್ಷತೆಯ ವಿಷಯದಲ್ಲಿ ಉದಾಸೀನ ಸಲ್ಲದು. 415 ವೋಲ್ಟ್ ಪೂರೈಕೆಯ ಡ್ರೈವಿನ ಒಳಗೆ ಸುಮಾರು 585 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಮೇನ್ ಸ್ವಿಚ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅದು ಕೆಲಕಾಲ ಉಳಿಯುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಮೋಟಾರನ್ನು ಮೆಗ್ಗರಿನಿಂದ ಪರೀಕ್ಷಿಸುವ ಮುನ್ನ ಅದರ ಕೇಬಲನ್ನು ಡ್ರೈವಿನಿಂದ ಬೇರ್ಪಡಿಸುವುದು ಕಡ್ಡಾಯ.

ಇವೆಲ್ಲಕ್ಕೂ ಬೇಕಾದುದು ಒಂದು ನೋಟ್‌ಬುಕ್ ಮಾತ್ರ. ದಿನಾಂಕ, ವೇಳೆ, ಸಂಕೇತ, ಆ ಕ್ಷಣದಲ್ಲಿ ಯಂತ್ರವು ಆರಂಭವಾಗುತ್ತಿತ್ತೇ, ಓಡುತ್ತಿತ್ತೇ, ನಿಲ್ಲುತ್ತಿತ್ತೇ ಎಂಬುದನ್ನು ಬರೆದಿಟ್ಟರೆ ದುರಸ್ತಿಗೆ ಬರುವ ತಂತ್ರಜ್ಞನ ಅರ್ಧ ಕೆಲಸ ಮುಗಿದಂತೆ. ಉದ್ಯಮಿಗಳು ಈ ರೂಢಿಯನ್ನು ಹಂಗಾಮಿಗೆ ಮೊದಲೇ ಜಾರಿಗೆ ತರುವುದು ಲೇಸು.