ನಡೆದು ನೋಡಿದವರು ಉಳಿಸಿದ ಕಾಡು



ಕಾಡೆಂದರೆ ನಮಗೆ ಹೊಸದೇನಲ್ಲ. ತೋಟದ ಬೇಲಿ ದಾಟಿದರೆ ಕಾಡು. ತೋಟಕ್ಕೆ ಬೇಕಾದ ನೀರು, ನೆರಳು, ಸೊಪ್ಪು ಎಲ್ಲವೂ ಅದರ ಕೃಪೆಯೇ. ಆದರೆ ಬೆನ್ನಿಗೆ ಚೀಲ ಕಟ್ಟಿಕೊಂಡು, ಬರೀ ನಡೆಯುವುದಕ್ಕೆಂದೇ ಕಾಡು ಹೊಗುವವರನ್ನು ಕಂಡರೆ ನಮ್ಮಲ್ಲಿ ಹಲವರು ‘ಕೆಲಸವಿಲ್ಲದ ಪೇಟೆಯವರು’ ಎಂದು ನಕ್ಕುಬಿಡುತ್ತೇವೆ. ಆಸ್ಟ್ರೇಲಿಯಾದಲ್ಲಿ ಈ ನಡಿಗೆಗೆ ‘ಬುಷ್‌ವಾಕಿಂಗ್’ ಎಂದು ಹೆಸರು. ಆ ದೇಶದ ಎಷ್ಟೋ ಕಾಡು ಇಂದಿಗೂ ನಿಂತಿರುವುದು ಇಂಥ ನಡಿಗೆಯವರಿಂದ. ಬೆಳೆಗಾರರಾದ ನಾವೂ ತಿಳಿಯತಕ್ಕ ಸಂಗತಿಗಳು ಅದರಲ್ಲಿವೆ.

ಸಿಡ್ನಿ ನಗರದ ಪಶ್ಚಿಮಕ್ಕೆ ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲು. ಅಲ್ಲಿನ ಗ್ರೋಸ್ ಕಣಿವೆಯ ತಳದಲ್ಲಿ ನೀಲಗಿರಿ ಕುಲದ ಹೆಮ್ಮರಗಳ ತೋಪೊಂದಿದೆ. ನಮ್ಮಲ್ಲಿ ನೀಲಗಿರಿ ಎಂದರೆ ಮುಖ ಸಿಂಡರಿಸುವವರುಂಟು. ಅಲ್ಲಿ ಅದು ನೆಲದ ಸ್ವಂತ ಮರ. 1931ರ ಈಸ್ಟರ್ ರಜೆಯಲ್ಲಿ ಅಲ್ಲಿಗೆ ಹೋದ ನಡಿಗೆಯವರಿಗೆ, ಜಮೀನನ್ನು ಗೇಣಿಗೆ ಪಡೆದಿದ್ದ ರೈತ ಮರ ಕಡಿದು ಅಕ್ರೋಟು ಹಾಕಲಿದ್ದಾನೆಂದು ತಿಳಿಯಿತು. ಮಾತುಕತೆ ನಡೆಯಿತು. 130 ಪೌಂಡು ಕೊಟ್ಟರೆ ಹಕ್ಕು ಬಿಟ್ಟುಕೊಡಲು ಆತ ಒಪ್ಪಿದ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲ. ಆದರೂ ನಡಿಗೆಯ ಸಂಘದವರು ಹಣ ಕೂಡಿಸಿ ತೆತ್ತರು. 1932ರಲ್ಲಿ ಆ ಜಾಗ ಸಾರ್ವಜನಿಕರಿಗಾಗಿ ಕಾಯ್ದಿಟ್ಟ ನೆಲವಾಯಿತು.

ಇಲ್ಲಿ ಗಮನಿಸತಕ್ಕದ್ದು ಒಂದುಂಟು. ರೈತನನ್ನು ಕಳ್ಳನಂತೆ ಕಾಣಲಿಲ್ಲ, ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದರು. ಕಾಡು ಎಲ್ಲರಿಗೂ ಬೇಕಾದಲ್ಲಿ ಅದರ ಭಾರವನ್ನು ಒಬ್ಬ ಸಾಗುವಳಿದಾರನ ತಲೆಗೇ ಕಟ್ಟುವುದು ನ್ಯಾಯವಲ್ಲ ಎಂಬ ನಮ್ಮ ಹಳೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈ ನಡಿಗೆಯವರ ಹಿರಿಯ ಮೈಲ್ಸ್ ಡನ್‌ಫಿ, ವೃತ್ತಿಯಿಂದ ವಾಸ್ತುಶಿಲ್ಪದ ಅಧ್ಯಾಪಕರು. 1914ರಲ್ಲಿ ಒಂದು, 1927ರಲ್ಲಿ ಇನ್ನೊಂದು, ಹೀಗೆ ಎರಡು ಸಂಘಗಳ ಹುಟ್ಟಿಗೆ ಕಾರಣರಾದವರು. ನಡೆದ ಹಾದಿ, ಹಳ್ಳ, ದಿಣ್ಣೆಗಳ ನಕ್ಷೆ ಬರೆದರು. ಅವುಗಳ ಆಧಾರದ ಮೇಲೆ 1930ರ ದಶಕದ ಆರಂಭದಲ್ಲೇ ದೊಡ್ಡದೊಂದು ರಾಷ್ಟ್ರೀಯ ಉದ್ಯಾನದ ಯೋಜನೆ ಮುಂದಿಟ್ಟರು. ಅದರ ಒಂದು ಭಾಗ 1959ರಲ್ಲಿ ಉದ್ಯಾನವಾಯಿತು. ಇಡೀ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2000ದಲ್ಲಿ. ಅಡಿಕೆ ನೆಟ್ಟು ಫಲಕ್ಕೆ ಕಾಯುವ ನಮಗೂ ಇಷ್ಟು ತಾಳ್ಮೆ ಕಷ್ಟವೇ.

ಎಲ್ಲ ಕಡೆಯೂ ಗೆದ್ದರೆಂದಲ್ಲ. ಟಾಸ್ಮೇನಿಯಾದ ಪೆಡ್ಡರ್ ಸರೋವರ ವಿದ್ಯುತ್ ಯೋಜನೆಗಾಗಿ 1972ರಲ್ಲಿ ಮುಳುಗಿತು. ಶರಾವತಿ ಕಣಿವೆಯವರಿಗೆ ಮುಳುಗಡೆಯೆಂದರೇನೆಂದು ಹೇಳಬೇಕಾಗಿಲ್ಲ. ಆ ಸೋಲಿನಿಂದ ಪಾಠ ಕಲಿತವರು ಫ್ರಾಂಕ್ಲಿನ್ ನದಿಯ ಅಣೆಕಟ್ಟಿನ ವಿರುದ್ಧ ನಿಂತರು. ನಡೆದೇ ಕಾಡು ಸುತ್ತುತ್ತಿದ್ದ ಪೀಟರ್ ಡೊಂಬ್ರೊವ್‌ಸ್ಕಿಸ್ ತೆಗೆದ ಛಾಯಾಚಿತ್ರ, ಆ ನದಿಯನ್ನು ಕಾಣದ ಲಕ್ಷಾಂತರ ಮತದಾರರ ಮುಂದೆ ಅದನ್ನು ತಂದು ನಿಲ್ಲಿಸಿತು. 1983ರ ಜುಲೈ 1ರಂದು ಅಲ್ಲಿನ ಅತ್ಯುಚ್ಚ ನ್ಯಾಯಾಲಯ 4-3ರ ಬಹುಮತದಿಂದ ಅಣೆಕಟ್ಟು ನಿಲ್ಲುವಂತೆ ತೀರ್ಪಿತ್ತಿತು.

ಹಾಗೆಂದು ನಡಿಗೆಯಿಂದ ಹಾನಿಯೇ ಇಲ್ಲವೆನ್ನಲಾಗದು. ಆ ದೇಶದ ಕಾಡುಗಳನ್ನು ಬೇರಿನಿಂದ ಕೊಲ್ಲುತ್ತಿರುವ ರೋಗಾಣುವಿನ ಹೆಸರು ಫೈಟಾಫ್ತೊರ. ಹೆಸರು ಕೇಳಿದಂತಿದೆಯಲ್ಲವೇ? ನಮ್ಮ ಅಡಿಕೆಯ ಕೊಳೆರೋಗ, ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ, ಎರಡೂ ಅದೇ ಕುಲದ ಬೇರೆ ಜಾತಿಗಳಿಂದ ಬರುವಂಥವು. ಅಲ್ಲಿನ ಜಾತಿ ಬೂಟಿಗೆ ಅಂಟಿದ ಹಸಿ ಮಣ್ಣಿನೊಡನೆ ಊರಿಂದೂರಿಗೆ ಹೋಗುತ್ತದೆ. ಆದ್ದರಿಂದ ಹಲವು ಕಾಡುಹಾದಿಗಳ ಬಾಯಲ್ಲಿ ಬೂಟು ಉಜ್ಜಿ, ಔಷಧಿಯಲ್ಲಿ ಅದ್ದಿ ಹೋಗುವ ಏರ್ಪಾಟಿದೆ. ಟಾಸ್ಮೇನಿಯಾದ ಹೆಸರಾಂತ ಓವರ್‌ಲ್ಯಾಂಡ್ ಹಾದಿಯಲ್ಲಿ 2005ರಿಂದ ನಡಿಗೆಯ ಹಂಗಾಮಿನಲ್ಲಿ ಮುಂಗಡ ನೋಂದಣಿ, ಶುಲ್ಕ, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿ ಇವೆ.

ನಮ್ಮ ಬೆಟ್ಟಗಳಿಗೂ ಈಗ ಚಾರಣದವರು ಹಿಂಡುಹಿಂಡಾಗಿ ಬರುತ್ತಿದ್ದಾರೆ. ಗೇಟು ಮುಚ್ಚಿ ಗದರಿಸುವುದಕ್ಕಿಂತ, ತೋಟದೊಳಗೆ ಹಾಯುವವರಿಗೆ ಬಾಗಿಲಲ್ಲೇ ಬೂಟು ತೊಳೆಯಲು ಒಂದು ಬಾನಿ ನೀರು, ಒಂದು ಬ್ರಷ್ಷು ಇಡೋಣ. ನಡೆಯುವ ದಾರಿ ಯಾವುದೆಂದು ತೋರಿಸೋಣ. ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಿರೆಂದು ಕಟ್ಟುನಿಟ್ಟಾಗಿ ಹೇಳೋಣ. ನಾಳೆ ನಮ್ಮ ಹಳ್ಳದ ಮೂಲಕ್ಕೇ ಕುತ್ತು ಬಂದಾಗ ಪೇಟೆಯಲ್ಲಿ ನಮ್ಮ ಪರವಾಗಿ ಮಾತಾಡುವವರು ಬೇಕಾಗುತ್ತಾರೆ. ಆ ಹಳ್ಳದ ನೀರು ಕುಡಿದು ಹೋದವರಿಗಿಂತ ಒಳ್ಳೆಯ ಸಾಕ್ಷಿಗಳು ನಮಗೆ ಸಿಗಲಾರರು.