ಒಂದೇ ಹೆಸರು, ಎರಡು ಕಾರ್ಡು

ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ಕಾಗಿನೆಲೆ ಕಡೆ ರೂಢಿ. ನನಗೂ ನಮ್ಮ ಕಾಕಾನ ಮಗನಿಗೂ ಅಜ್ಜನ ಹೆಸರೇ. ಅಡ್ಡಹೆಸರು ಒಂದೇ, ಹೊಲದ ಸರ್ವೆ ನಂಬರೂ ಒಂದೇ, ಹಿಸ್ಸಾ ಮಾತ್ರ ಬೇರೆ. ಊರಾಗ ನಾನು ದೊಡ್ಡಾಂವ, ಅವ ಸಣ್ಣಾಂವ. ಕಂಪ್ಯೂಟರಿಗೆ ಇದು ತಿಳಿಯಲಿಲ್ಲ.

2022ರ ಜೂನಿನಲ್ಲಿ ಕೇಂದ್ರ ಸರ್ಕಾರ ದೇಶದ 63 ಸಾವಿರ ಪ್ರಾಥಮಿಕ ಸಹಕಾರ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ನಾವಿಬ್ಬರೂ ಸಾಲ ತರುವ ಸಂಘದಲ್ಲೂ ಖತಾವಣಿ ಪುಸ್ತಕದ ಲೆಕ್ಕ ಕಂಪ್ಯೂಟರಿಗೆ ಏರಿತು. ಏರಿಸುವ ಹುಡುಗ ಒಂದೇ ಹೆಸರು ಎರಡು ಸಲ ಬಂದಿದೆ ಎಂದುಕೊಂಡು ನಮ್ಮಿಬ್ಬರ ಕಿಸಾನ್ ಕ್ರೆಡಿಟ್ ಕಾರ್ಡ್ ಖಾತೆ ಕೂಡಿಸಿಬಿಟ್ಟ. ಆಧಾರ್ ನಂಬರು ಒಬ್ಬರ ಕಾಗದದಲ್ಲಿ ಮಾತ್ರ ಇತ್ತಂತೆ.

ನನ್ನ ಸಾಲ 90 ಸಾವಿರ, ಅವನದು 60 ಸಾವಿರ. ಇಬ್ಬರೂ ಮೇ ತಿಂಗಳಲ್ಲಿ ಎತ್ತಿದ್ದೆವು. ನಾನು ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ಮಾರಿ ಮಾರ್ಚಿನಲ್ಲೇ ಪೂರಾ ಕಟ್ಟಿದ್ದೆ. ಅವ 25 ಸಾವಿರ ಕಟ್ಟಿ ಸುಮ್ಮನಾಗಿದ್ದ. ಮಿರಗ ಮಳೆ ಹಿಡಿದು, ಗೋವಿನಜೋಳದ ಬೀಜ-ಗೊಬ್ಬರಕ್ಕೆ ಹೊಸ ಸಾಲ ಕೇಳಲು ಹೋದರೆ ಕಾರ್ಯದರ್ಶಿ ಹೇಳಿದ್ದು: “ಯಜಮಾನ್ರ, ನಿಮ್ದು 35 ಸಾವಿರ ಸುಸ್ತಿ ಐತ್ರಿ. ಬಡ್ಡಿ ಬ್ಯಾರೆ ಕೂಡೇತಿ.”

ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಇಲ್ಲ, 2023ರಿಂದ 5 ಲಕ್ಷದವರೆಗೂ ಇಲ್ಲ. ಆದರೆ ವಾಯಿದೆಯೊಳಗೆ ಕಟ್ಟಬೇಕು. ಖಾತೆ ಸುಸ್ತಿ ಎಂದು ಬಿದ್ದ ಕೂಡಲೇ, ಹೊತ್ತಿಗೆ ಸರಿಯಾಗಿ ಕಟ್ಟಿದ ನನಗೂ ಬಡ್ಡಿ ಬಂತು.

ತಮ್ಮನಿಗೆ ಹೇಳಿದರೆ ನಕ್ಕ. “ನನ್ ಹೆಸರಿಲೆ ಸಾಲನ ಇಲ್ಲಂದ್ರ ಚಲೋನ ಆತಲ್ಲೋ ಅಣ್ಣಾ!” ಎಂಟು ದಿನ ಸಂಘದ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಮಾತು ಬಿಡುವವರೆಗೂ ಹೋಯಿತು. ಆಮೇಲೆ ತಾನೂ ಹೊಸ ಸಾಲ ಕೇಳಲು ಹೋದ. ಅವನ ಶೇರು ಕೂಡ ನನ್ನ ಹೆಸರಿಗೆ ಕೂಡಿತ್ತು. ಕಂಪ್ಯೂಟರಿನಲ್ಲಿ ಅಂಥ ಸದಸ್ಯನೇ ಇಲ್ಲ! ಅವತ್ತೇ ಸಂಜೆ ಪಾಸ್ ಪುಸ್ತಕ ಹಿಡಿದು ನಮ್ಮ ಕಟ್ಟೆಗೆ ಬಂದ.

ಕೂಡಿಸಿದ ಖಾತೆ ಬಿಡಿಸುವ ಗುಂಡಿ ಆ ಸಾಫ್ಟ್‌ವೇರಿನಲ್ಲಿ ಇಲ್ಲವಂತೆ. ಕಾರ್ಯದರ್ಶಿ, ತಮ್ಮನ ಹೆಸರಿಗೆ ಹೊಸ ಖಾತೆ ತೆಗೆದು ಇವತ್ತಿನ ತಾರೀಖಿಗೆ 35 ಸಾವಿರ ನಾವೆ ಹಾಕಿದರೆ ಮುಗೀತು ಎಂದರು. ನಾನು ಏಳನೇ ಇಯತ್ತೆ ಓದಿದವ, ಆದರೂ ಇದು ಸರಿ ಕಾಣಲಿಲ್ಲ. ಬಡ್ಡಿ ಓಡುವುದು ತಾರೀಖಿನ ಮೇಲೆ. ಹಾಗೆ ಮಾಡಿದರೆ ಅವನ ಸಾಲ ಇವತ್ತು ಹುಟ್ಟಿದಂತೆ ಆಗುತ್ತದೆ, ನನ್ನ ಖಾತೆಯ ಸುಸ್ತಿ ಹಾಗೇ ಉಳಿಯುತ್ತದೆ.

ಅದಕ್ಕೆ ಮೊದಲು ಹಳೇ ಕಿರ್ದಿ ತೆಗೆಸಿದೆವು. ಇಬ್ಬರ ಪಾವತಿಗಳನ್ನು ತಾರೀಖಿನ ಪ್ರಕಾರ ಎರಡು ಸಾಲಾಗಿ ಹಾಳೆಯ ಮೇಲೆ ಬರೆದೆವು. ಒಂದೊಂದು ನಾವೆ, ಒಂದೊಂದು ಜಮಾ ಯಾರದೆಂದು ಗುರುತಿಸಿದೆವು. ನನ್ನ ಬಾಕಿ ಸೊನ್ನೆ, ಅವನದು 35 ಸಾವಿರ. ಎರಡೂ ಕೂಡಿಸಿದರೆ ಕಂಪ್ಯೂಟರ್ ತೋರಿಸಿದಷ್ಟೇ. ಇಷ್ಟು ತಾಳೆಯಾಗದೆ ಮುಂದೆ ಹೋಗಬಾರದು. ಒಂದು ಪಾವತಿ ಬಿಟ್ಟುಹೋದರೂ ಅಣ್ಣತಮ್ಮಂದಿರ ನಡುವೆ ಜಗಳ ಉಳಿಯುತ್ತದೆ.

ಪಾವತಿ, ಇಬ್ಬರ ಉತಾರ ಮತ್ತು ಆಧಾರ್ ಹಚ್ಚಿ ಇಬ್ಬರೂ ಸಹಿ ಮಾಡಿ ಅರ್ಜಿ ಕೊಟ್ಟು ಪೋಚ್ ಪಡೆದೆವು. ಆಡಳಿತ ಮಂಡಳಿ ಠರಾವು ಮಾಡಿತು. ತಮ್ಮನಿಗೆ ಹೊಸ ಖಾತೆ ತೆಗೆದು, ಅವನ 60 ಸಾವಿರ ನಾವೆಯನ್ನೂ 25 ಸಾವಿರ ಜಮಾವನ್ನೂ ಮೂಲ ತಾರೀಖಿಗೇ ಬಡ್ಡಿ ಎಣಿಸುವಂತೆ ಹಾಕಿದರು. ನನ್ನ ಖಾತೆಯಲ್ಲಿ ಅಷ್ಟೇ ಮೊತ್ತಕ್ಕೆ ಉಲ್ಟಾ ನಮೂದು. ಯಾವುದನ್ನೂ ಅಳಿಸಲಿಲ್ಲ, ಆಡಿಟಿನವರು ಬಂದು ಕೇಳಿದರೆ ತೋರಿಸಬೇಕಲ್ಲ! ಶೇರನ್ನೂ ಬೇರೆ ಮಾಡಿಸಿದೆವು. ನನ್ನ ಮೇಲೆ ಬಿದ್ದಿದ್ದ ಬಡ್ಡಿ ಹೋಯಿತು. ಅವನದು ನಿಂತಿತು, ಸುಸ್ತಿ ಅವನದೇ ಆಗಿತ್ತು. ಅದಕ್ಕೆ ಸ್ವಲ್ಪ ಗೊಣಗಿದ.

ನನಗೆ ಸಾಲ ಬರುವಷ್ಟರಲ್ಲಿ ಆರಿದ್ರಾ ಮುಗಿಯುತ್ತ ಬಂದಿತ್ತು. ಅಂಗಡಿಯಿಂದ ಉದ್ರಿ ಬೀಜ ತಂದು ಬಿತ್ತಿದ್ದೆ, ಆ ಉದ್ರಿ ತೀರಿಸಿದೆ. ಈಗ ಇಬ್ಬರ ಪಾಸ್ ಪುಸ್ತಕದ ಮೇಲೂ ತಂದೆಯ ಹೆಸರು, ಹಿಸ್ಸಾ ನಂಬರು ಬರೆಸಿದ್ದೇವೆ.