ಬೇಲಿಯಂಚಿನ ಗಾಳಿ, ಕಡತದೊಳಗಿನ ಲೆಕ್ಕ

ಕಚ್ಚಾ ತೈಲವನ್ನು ಪೆಟ್ರೋಲು, ಡೀಸೆಲು, ಸೀಮೆಎಣ್ಣೆ, ಅಡುಗೆ ಅನಿಲ, ಡಾಂಬರುಗಳನ್ನಾಗಿ ಬೇರ್ಪಡಿಸುವ ಸಂಸ್ಕರಣಾಗಾರದ, ಅಂದರೆ ರಿಫೈನರಿಯ, ಮಾಲಿನ್ಯವೆಂದೊಡನೆ ಚಿಮಣಿಯ ಹೊಗೆಯೇ ನೆನಪಾಗುವುದು ಸಹಜ. ಆದರೆ ಈ ಉದ್ಯಮದಲ್ಲಿ ಪರಿಸರ ಕಾನೂನಿನ ಪಾಲನೆಯನ್ನೇ ವೃತ್ತಿಯಾಗಿಸಿಕೊಂಡ ತಜ್ಞರಿಗೆ ತಲೆನೋವಾಗಿರುವುದು ಎಲ್ಲರಿಗೂ ಕಾಣುವ ಹೊಗೆಗಿಂತ ಯಾರಿಗೂ ಕಾಣದ ಸೋರಿಕೆ; ಅದಕ್ಕಿಂತಲೂ ಹೆಚ್ಚಾಗಿ, ಆ ಸೋರಿಕೆಯನ್ನು ಅಳೆಯುವುದು ಹೇಗೆ, ಅಳೆದದ್ದನ್ನು ನಂಬುವುದು ಹೇಗೆ ಎಂಬ ಪ್ರಶ್ನೆ. ಸುಮಾರು 130 ಸಂಸ್ಕರಣಾಗಾರಗಳಿರುವ ಅಮೆರಿಕದಲ್ಲಿ ಈ ಪ್ರಶ್ನೆ ಕಳೆದ ಐವತ್ತು ವರ್ಷಗಳಲ್ಲಿ ಪಡೆದುಕೊಂಡ ರೂಪಗಳನ್ನು ಗಮನಿಸಿದರೆ, ಈ ವೃತ್ತಿಯವರು ವರ್ಷವರ್ಷವೂ ಒಂದೆಡೆ ಸೇರುವುದೇಕೆ ಎಂಬುದು ಅರ್ಥವಾಗುತ್ತದೆ.

ಅಲ್ಲಿ ಇಂಥ ಕೂಟಗಳಿಗೆ ಹಳೆಯ ಪರಂಪರೆಯಿದೆ. 1907ರಲ್ಲಿ ನಗರಗಳ ಹೊಗೆ ತಪಾಸಕರು ಕಟ್ಟಿಕೊಂಡ ಸಂಘವೇ ಇಂದು ಏರ್ ಅಂಡ್ ವೇಸ್ಟ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಎಂಬ ಹೆಸರಿನಿಂದ ನಡೆಯುತ್ತಿದೆ. ತೈಲ ಸಂಸ್ಕರಣೆಯವರದ್ದೇ ಆದ ಅಮೆರಿಕನ್ ಫ್ಯೂಯೆಲ್ ಅಂಡ್ ಪೆಟ್ರೋಕೆಮಿಕಲ್ ಮ್ಯಾನುಫ್ಯಾಕ್ಚರರ್ಸ್ ಎಂಬ ಸಂಘವು ಪರಿಸರ ವಿಷಯಕ್ಕೆಂದೇ ಪ್ರತ್ಯೇಕ ಸಮ್ಮೇಳನವನ್ನು ನಡೆಸುತ್ತದೆ. ಸ್ಥಾವರದ ಪರಿಸರ ಎಂಜಿನಿಯರುಗಳು, ಕಂಪನಿಗಳ ವಕೀಲರು, ಅಳತೆಯ ಉಪಕರಣ ಮಾರುವವರು, ಸಲಹೆಗಾರರು, ಸರ್ಕಾರಿ ನಿಯಂತ್ರಕರು ಒಂದೇ ಸೂರಿನಡಿ ಕೂಡುವ ಈ ಸಭೆಗಳ ಆರಂಭದಲ್ಲಿ ಒಂದು ಎಚ್ಚರಿಕೆಯ ಹೇಳಿಕೆಯನ್ನು ಓದಿ ಹೇಳುವ ರೂಢಿಯಿದೆ. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳವರು ಒಟ್ಟಾಗಿ ಕೂತು ಬೆಲೆಯನ್ನೋ ಉತ್ಪಾದನೆಯ ಪ್ರಮಾಣವನ್ನೋ ಮಾತಾಡಿಕೊಂಡರೆ 1890ರ ಶರ್ಮನ್ ಕಾಯ್ದೆಯಡಿ ಅದು ಅಪರಾಧವಾಗಬಹುದಾದ್ದರಿಂದ, ಆ ಮಾತು ಇಲ್ಲಿ ಕೂಡದು ಎಂಬುದು ಅದರ ತಾತ್ಪರ್ಯ. ವ್ಯಾಪಾರದ ಗುಟ್ಟನ್ನು ಬಿಟ್ಟುಕೊಡದವರು ವಾಲ್ವಿನ ಸೋರಿಕೆಯನ್ನು ಹೇಗೆ ಹಿಡಿದರೆಂಬುದನ್ನು ಮಾತ್ರ ಧಾರಾಳವಾಗಿ ಹಂಚಿಕೊಳ್ಳುವುದಕ್ಕೆ ಕಾರಣ ಔದಾರ್ಯವಲ್ಲ. ನಿಯಮ ಎಲ್ಲರಿಗೂ ಒಂದೇ, ಮತ್ತು ಒಬ್ಬರ ತಪ್ಪು ನಾಳೆ ಎಲ್ಲರ ಮೇಲೂ ಇನ್ನಷ್ಟು ಬಿಗಿಯಾದ ನಿಯಮವಾಗಿ ಬೀಳುತ್ತದೆ.

ಈ ಚರ್ಚೆ ತಿಳಿಯಬೇಕಾದರೆ ಸ್ಥಾವರದ ಒಳಗೆ ನಡೆಯುವುದನ್ನು ಸ್ವಲ್ಪ ಅರಿಯಬೇಕು. ಕಚ್ಚಾ ತೈಲವನ್ನು ಕುಲುಮೆಯಲ್ಲಿ ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿ ಎತ್ತರದ ಗೋಪುರಕ್ಕೆ ಹಾಯಿಸಿದಾಗ ಹಗುರಾದ ಅಂಶಗಳು ಆವಿಯಾಗಿ ಮೇಲೇರಿ ಬೇರೆ ಬೇರೆ ಎತ್ತರದಲ್ಲಿ ದ್ರವವಾಗುತ್ತವೆ, ಭಾರವಾದವು ತಳದಲ್ಲಿ ಉಳಿಯುತ್ತವೆ. ಆ ಭಾರವಾದ ಅಂಶವನ್ನು ವೇಗವರ್ಧಕದ ನೆರವಿನಿಂದ ಒಡೆದು ಪೆಟ್ರೋಲು ಮಾಡುವ ಘಟಕದಲ್ಲಿ, ವೇಗವರ್ಧಕದ ಕಣಗಳಿಗೆ ಅಂಟಿದ ಇಂಗಾಲವನ್ನು ಎಡೆಬಿಡದೆ ಸುಟ್ಟು ತೆಗೆಯಬೇಕಾಗುತ್ತದೆ. ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳ, ಸೂಕ್ಷ್ಮ ಧೂಳಿನ ದೊಡ್ಡ ಮೂಲ ಇದೇ. ಇನ್ನೊಂದೆಡೆ, ಜಲಜನಕವನ್ನು ಹಾಯಿಸಿ ಇಂಧನದ ಗಂಧಕವನ್ನು ಕಿತ್ತು ತೆಗೆದಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹಿಡಿದು ಘನ ಗಂಧಕವನ್ನಾಗಿ ಮಾರ್ಪಡಿಸುತ್ತಾರೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದಡಿ ಇಂಧನದ ಹತ್ತು ಲಕ್ಷ ಭಾಗದಲ್ಲಿ ಗಂಧಕ 10 ಭಾಗವನ್ನು ಮೀರುವಂತಿಲ್ಲ; ಅದಕ್ಕೆ ಮೊದಲು ಈ ಮಿತಿ 50 ಇತ್ತು. ಹೀಗೆ ಊರಿನ ಬಸ್ಸು ಉಗುಳುತ್ತಿದ್ದ ಗಂಧಕವು ಸಂಸ್ಕರಣಾಗಾರದ ಬೇಲಿಯೊಳಗೇ ಉಳಿಯುತ್ತದೆ, ಅದನ್ನು ನಿಭಾಯಿಸುವ ಹೊಣೆಯೂ ಅದರ ಜೊತೆಗೇ ಅಲ್ಲಿ ಉಳಿಯುತ್ತದೆ.

ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆ, ಅದಕ್ಕೆ 1977 ಮತ್ತು 1990ರಲ್ಲಾದ ತಿದ್ದುಪಡಿಗಳು ಈ ಉದ್ಯಮದ ಮೇಲಿನ ನಿಯಮಗಳ ತಳಹದಿ. 1990ರ ತಿದ್ದುಪಡಿ 189 ವಿಷಕಾರಿ ವಾಯುಮಾಲಿನ್ಯಕಾರಕಗಳನ್ನು ಹೆಸರಿಸಿ, ಅವುಗಳಿಗೆ ಉದ್ಯಮವಾರು ಮಾನದಂಡ ರೂಪಿಸುವಂತೆ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ, ಆದೇಶಿಸಿತು. ಕಾನೂನು ಕಾಗದದಲ್ಲಿ ಇದ್ದಷ್ಟು ನೆಲದಲ್ಲಿ ಇಲ್ಲವೆಂದು ಕಂಡುಬಂದಾಗ, 2000ದಿಂದೀಚೆಗೆ ಇಪಿಎ ಕಂಪನಿಗಳ ಮೇಲೆ ಒಂದಾದ ಮೇಲೊಂದರಂತೆ ಕ್ರಮ ಕೈಗೊಂಡು, ನ್ಯಾಯಾಲಯದ ಮುಂದೆ ಸಮ್ಮತಿ ತೀರ್ಪುಗಳನ್ನು ಪಡೆಯಿತು. ವಿಚಾರಣೆ ಕೊನೆಯವರೆಗೆ ನಡೆಯದೆ ಎರಡೂ ಪಕ್ಷ ಒಪ್ಪಿದ ಷರತ್ತುಗಳಿಗೆ ನ್ಯಾಯಾಲಯ ಮುದ್ರೆಯೊತ್ತುವುದನ್ನು ಸಮ್ಮತಿ ತೀರ್ಪು ಎನ್ನುತ್ತಾರೆ. ಹಾಗೆ ಬಂದ 37 ತೀರ್ಪುಗಳು 112 ಸಂಸ್ಕರಣಾಗಾರಗಳನ್ನು, ದೇಶದ ಸಂಸ್ಕರಣಾ ಸಾಮರ್ಥ್ಯದ ಶೇ. 95ಕ್ಕೂ ಹೆಚ್ಚನ್ನು ಒಳಗೊಂಡವು.

ಆ ಕ್ರಮಗಳ ಹಿಂದಿದ್ದ ಒಂದು ಚಿಕ್ಕ ಲೆಕ್ಕಾಚಾರವು ಈ ಇಡೀ ವಿಷಯದ ತಿರುಳನ್ನು ತೆರೆದಿಡುತ್ತದೆ. ಒಂದು ಸಂಸ್ಕರಣಾಗಾರದಲ್ಲಿ ಸಾವಿರಾರು ವಾಲ್ವುಗಳು, ಪಂಪುಗಳು, ಕೊಳವೆಗಳನ್ನು ಬೆಸೆಯುವ ಫ್ಲ್ಯಾಂಜುಗಳು ಇರುತ್ತವೆ; ಇವುಗಳ ಸಂದುಗಳಿಂದ ಸದ್ದಿಲ್ಲದೆ ಆವಿ ಹೊರಹೋಗುತ್ತದೆ. ಒಂದೊಂದರ ಪಾಲು ಅತ್ಯಲ್ಪವಾದರೂ ಒಟ್ಟು ಮೊತ್ತ ದೊಡ್ಡದು. ತಂತ್ರಜ್ಞನೊಬ್ಬನು ಕೈಯಲ್ಲಿ ಹಿಡಿಯುವ ಆವಿಮಾಪಕದ ಮೂತಿಯನ್ನು ಪ್ರತಿ ಸಂದಿಗೂ ತಾಗಿಸಿ, ಸುತ್ತಲೂ ನಿಧಾನವಾಗಿ ಸರಿಸಿ, ಅಂಕಿ ಏರುವ ಜಾಗದಲ್ಲಿ ನಿಲ್ಲಿಸಿ ದಾಖಲಿಸಬೇಕೆಂದು ನಿಯಮ ಹೇಳುತ್ತದೆ. ಸೋರಿಕೆ ಕಂಡರೆ 5 ದಿನಗಳೊಳಗೆ ದುರಸ್ತಿಯ ಮೊದಲ ಪ್ರಯತ್ನವಾಗಬೇಕು, 15 ದಿನಗಳೊಳಗೆ ದುರಸ್ತಿ ಮುಗಿಯಬೇಕು. ಘಟಕವನ್ನು ನಿಲ್ಲಿಸದೆ ಸರಿಪಡಿಸಲಾಗದ್ದನ್ನು ಮುಂದಿನ ಶಟ್‌ಡೌನ್‌ವರೆಗೆ ಮುಂದೂಡಬಹುದು. ಶಟ್‌ಡೌನ್ ಕೆಲವು ವರ್ಷಗಳಿಗೊಮ್ಮೆ ಮಾತ್ರ ಬರುವುದರಿಂದ, ಮುಂದೂಡಿದ್ದರ ಪಟ್ಟಿ ಎಷ್ಟು ಉದ್ದವಿರಬಹುದು ಎಂಬುದೇ ವೃತ್ತಿಪರರ ನಡುವೆ ಮುಗಿಯದ ವಾದ.

ಇಪಿಎ ತನ್ನದೇ ತಪಾಸಕರನ್ನು 17 ಸಂಸ್ಕರಣಾಗಾರಗಳಿಗೆ ಕಳುಹಿಸಿ 47,000ಕ್ಕೂ ಹೆಚ್ಚು ವಾಲ್ವುಗಳನ್ನು ಅಳೆಸಿದಾಗ, ಕಂಪನಿಗಳ ದಾಖಲೆಯಲ್ಲಿ ಸರಾಸರಿ ಶೇ. 1.3 ಎಂದಿದ್ದ ಸೋರುವ ವಾಲ್ವುಗಳ ಪ್ರಮಾಣ ವಾಸ್ತವದಲ್ಲಿ ಶೇ. 5 ಎಂದು ಕಂಡುಬಂದಿತು. 1999ರಲ್ಲಿ ಪ್ರಕಟವಾದ ಈ ಹೋಲಿಕೆಯ ಆಧಾರದ ಮೇಲೆ, ಹಿಡಿಯದೆ ಬಿಟ್ಟ ಸೋರಿಕೆಗಳಿಂದ ವರ್ಷಕ್ಕೆ 8 ಕೋಟಿ ಪೌಂಡ್, ಅಂದರೆ ಸುಮಾರು 36,000 ಟನ್, ಆವಿ ಹೆಚ್ಚುವರಿಯಾಗಿ ಗಾಳಿಗೆ ಸೇರುತ್ತಿರಬಹುದೆಂದು ಸಂಸ್ಥೆ ಅಂದಾಜಿಸಿತು. ಇದರಲ್ಲಿ ಎಲ್ಲವೂ ಮೋಸವೆಂದು ತೀರ್ಮಾನಿಸುವುದು ಸರಿಯಲ್ಲ. ದಿನವೊಂದಕ್ಕೆ ಇಷ್ಟು ವಾಲ್ವು ಮುಗಿಸಬೇಕೆಂಬ ಒತ್ತಡದಲ್ಲಿರುವ ಗುತ್ತಿಗೆಯ ತಂತ್ರಜ್ಞನು ಮೂತಿಯನ್ನು ಸಂದಿನಿಂದ ಒಂದು ಬೆರಳಿನಷ್ಟು ದೂರ ಹಿಡಿದರೂ, ಒಂದು ಕ್ಷಣ ಮೊದಲೇ ಸರಿಸಿದರೂ ಸೋರುವ ವಾಲ್ವು ಸೋರದ ವಾಲ್ವಾಗಿ ದಾಖಲಾಗುತ್ತದೆ. ಆದರೆ ಅವಸರದ ತಪ್ಪು ಅಷ್ಟೂ ಕಂಪನಿಗೆ ಅನುಕೂಲವಾದ ಕಡೆಗೇ ವಾಲುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮುಂದೆ ಬಂದ ತೀರ್ಪುಗಳು ಸೋರಿಕೆಯ ಮಿತಿಯನ್ನು ಬಿಗಿಗೊಳಿಸಿದ್ದಲ್ಲದೆ, ಅಳೆಯುವವರಿಗೆ ತರಬೇತಿ ಮತ್ತು ಅವರ ಅಳತೆಯ ಮೇಲೆ ಹೊರಗಿನವರ ತಪಾಸಣೆಯನ್ನೂ ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ಹೈಡ್ರೋಕಾರ್ಬನ್ ಆವಿಯನ್ನು ಹೊಗೆಯಂತೆ ತೋರಿಸುವ ಅವಗೆಂಪು ಕ್ಯಾಮೆರಾ ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದ್ದು, ದೊಡ್ಡ ಸೋರಿಕೆಯನ್ನು ಅದು ಬೇಗ ಹಿಡಿಯುತ್ತದೆ, ಸಣ್ಣದನ್ನು ಬಿಟ್ಟುಬಿಡಲೂಬಹುದು.

ಫ್ಲೇರ್ ಎಂಬ ಉರಿಗೋಪುರದ ಕಥೆಯೂ ಇದಕ್ಕೆ ದೂರದ್ದಲ್ಲ. ಹೆಚ್ಚುವರಿ ಅನಿಲವನ್ನು ಸುರಕ್ಷಿತವಾಗಿ ಸುಟ್ಟುಬಿಡಲು ಇರುವ ಈ ಗೋಪುರದ ತುದಿಯಲ್ಲಿ ಕಪ್ಪು ಹೊಗೆ ಏಳದಂತೆ ಹಬೆಯನ್ನು ಊದುತ್ತಾರೆ. ಜ್ವಾಲೆ ಅನಿಲದ ಶೇ. 98ರಷ್ಟನ್ನು ನಾಶಮಾಡುತ್ತದೆಂಬ ಊಹೆಯ ಮೇಲೆ ಬಹುಕಾಲ ಲೆಕ್ಕ ಬರೆಯಲಾಗುತ್ತಿತ್ತು. ಆದರೆ ಹೊಗೆ ಕಂಡರೆ ದಂಡ ಬೀಳುತ್ತದೆಂಬ ಭಯದಿಂದ ಹಬೆಯನ್ನು ಅತಿಯಾಗಿ ಊದಿದರೆ ಜ್ವಾಲೆ ತಣ್ಣಗಾಗಿ, ಅನಿಲ ಸುಡದೆ ಹಾಗೆಯೇ ಹಾರಿಹೋಗುತ್ತದೆ. ನೋಡಲು ನಿರ್ಮಲ, ಉಸಿರಾಡಲು ಅಲ್ಲ. ಜ್ವಾಲೆಯ ವಲಯದಲ್ಲಿ ಅನಿಲದ ಉಷ್ಣಮೌಲ್ಯ ಇಷ್ಟಕ್ಕಿಂತ ಇಳಿಯಬಾರದೆಂದು ಇಪಿಎಯ 2015ರ ನಿಯಮ ವಿಧಿಸಿದ್ದು ಈ ವಿಪರ್ಯಾಸವನ್ನು ತಿದ್ದಲೆಂದೇ.

ಅದೇ ನಿಯಮದ ಇನ್ನೊಂದು ಭಾಗವು ಅಳತೆಯ ಉಪಕರಣವನ್ನು ಘಟಕದಿಂದ ಬೇಲಿಗೆ ಒಯ್ದಿತು. ಬೆಂಜೀನ್ ಕಚ್ಚಾ ತೈಲದಲ್ಲಿಯೂ ಪೆಟ್ರೋಲಿನಲ್ಲಿಯೂ ಇರುವ, ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಅದು ಸೋರುವಲ್ಲಿ ಉಳಿದ ಆವಿಗಳೂ ಸೋರುತ್ತಿರುತ್ತವೆ. ಸ್ಥಾವರದ ವಿಸ್ತೀರ್ಣಕ್ಕೆ ತಕ್ಕಂತೆ 12, 18 ಅಥವಾ 24 ಕಡೆ ಬೇಲಿಯುದ್ದಕ್ಕೂ ಪುಟ್ಟ ನಳಿಕೆಗಳನ್ನು ತೂಗುಹಾಕಿ, ಎರಡು ವಾರಗಳ ಕಾಲ ಗಾಳಿಯಲ್ಲಿನ ಬೆಂಜೀನನ್ನು ಹೀರಿಕೊಳ್ಳಲು ಬಿಟ್ಟು, ಬಳಿಕ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಪಂಪಿಲ್ಲ, ವಿದ್ಯುತ್ತಿಲ್ಲ. ಅತಿ ಹೆಚ್ಚು ತೋರಿದ ನಳಿಕೆಯ ಅಂಕಿಯಿಂದ ಅತಿ ಕಡಿಮೆಯದನ್ನು ಕಳೆದರೆ ಉಳಿಯುವುದೇ ಸ್ಥಾವರದ ಕೊಡುಗೆ. ಅದರ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರಿಗೆ 9 ಮೈಕ್ರೋಗ್ರಾಂ ಮೀರಿದರೆ ಕಂಪನಿ ಮೂಲವನ್ನು ಹುಡುಕಿ ಸರಿಪಡಿಸಬೇಕು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. 2018ರ ಜನವರಿ ಕೊನೆಯಿಂದ ಕಡ್ಡಾಯವಾದ ಈ ಅಳತೆಯ ಫಲಿತಾಂಶಗಳು ತ್ರೈಮಾಸಿಕವಾಗಿ ಸಾರ್ವಜನಿಕರ ಮುಂದೆ ಬರುತ್ತವೆ.

ಈ 9 ಎಂಬ ಸಂಖ್ಯೆ ಬಂದ ದಾರಿ ಕುತೂಹಲಕರ. ಅದು ಆರೋಗ್ಯದ ಮಿತಿಯಲ್ಲ. ಕಂಪನಿಗಳು ತಾವೇ ಘೋಷಿಸಿಕೊಂಡ ಹೊರಸೂಸುವಿಕೆಯ ಲೆಕ್ಕವನ್ನು ಗಣಕಮಾದರಿಗೆ ಹಾಕಿದಾಗ ಯಾವುದೇ ಸಂಸ್ಕರಣಾಗಾರದ ಬೇಲಿಯಲ್ಲಿ ಕಂಡ ಅತ್ಯಧಿಕ ಪ್ರಮಾಣವೇ ಆ ಸಂಖ್ಯೆ. ಆದ್ದರಿಂದ 9ನ್ನು ಮೀರುವುದೆಂದರೆ, ಕಂಪನಿಯ ಗಾಳಿ ಕಂಪನಿಯ ಕಡತಕ್ಕೆ ಒಪ್ಪುತ್ತಿಲ್ಲವೆಂದೇ ಅರ್ಥ. 2019ರ ಫಲಿತಾಂಶಗಳಲ್ಲಿ ಹತ್ತು ಸಂಸ್ಕರಣಾಗಾರಗಳು ಆ ಮಿತಿಯನ್ನು ಮೀರಿದ್ದವು. ಪಕ್ಕದ ಕಾರ್ಖಾನೆಯ ಬೆಂಜೀನೂ ನಮ್ಮ ನಳಿಕೆಗೆ ಬಂದು ಕೂರುತ್ತದಲ್ಲ ಎಂಬುದು ಉದ್ಯಮದವರ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ, ಅದನ್ನು ಕಳೆಯುವುದಕ್ಕೆ ನಿಯಮದಲ್ಲಿಯೇ ದಾರಿಯೂ ಇದೆ. ಮೂಲ ಯಾವುದೆಂದು ಗೊತ್ತುಮಾಡುವ ವಿಧಾನಗಳ ವಿನಿಮಯಕ್ಕೆ ಸಮ್ಮೇಳನಗಳು ಒದಗಿಬಂದಿರುವುದು ಇಂಥಲ್ಲಿ. 2024ರಲ್ಲಿ ಇಪಿಎ ಬೇಲಿಯಳತೆಯನ್ನು ರಾಸಾಯನಿಕ ಕಾರ್ಖಾನೆಗಳಿಗೂ ವಿಸ್ತರಿಸುವ ನಿಯಮವನ್ನು ಹೊರಡಿಸಿತು.

ಭಾರತದಲ್ಲಿ ತೈಲ ಸಂಸ್ಕರಣಾಗಾರಗಳಿಗೆ ಪ್ರತ್ಯೇಕ ಮಾನದಂಡಗಳು 2008ರ ಮಾರ್ಚ್‌ನಲ್ಲಿ ಹೊಸ ರೂಪ ಪಡೆದವು. ಹೊರಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 5 ಮಿಲಿಗ್ರಾಂ, ಬೆಂಜೀನ್ 0.1 ಮಿಲಿಗ್ರಾಂ ಮೀರಬಾರದೆಂಬುದರ ಜೊತೆಗೆ, ಸೋರಿಕೆಯನ್ನು ಹುಡುಕಿ ಸರಿಪಡಿಸುವ ಕಾರ್ಯಕ್ರಮವನ್ನೂ ಅವು ಕಡ್ಡಾಯಗೊಳಿಸಿದವು. 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನದಂಡದಲ್ಲಿ ಬೆಂಜೀನಿನ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ಇದು ಗಾಳಿಯಲ್ಲಿನ ಒಟ್ಟು ಪ್ರಮಾಣಕ್ಕೆ ಸಂಬಂಧಿಸಿದ್ದು, ಅಮೆರಿಕದ 9 ಎಂಬುದು ಎರಡು ಅಳತೆಗಳ ವ್ಯತ್ಯಾಸ, ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗುವುದು ಸಲ್ಲ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಿದ 17 ವರ್ಗಗಳ ಉದ್ಯಮಗಳು ಚಿಮಣಿ ಮತ್ತು ನೀರಿನ ಅಳತೆಯನ್ನು ಸತತವಾಗಿ ಮಂಡಳಿಗೆ ರವಾನಿಸುವ ಉಪಕರಣಗಳನ್ನು ಅಳವಡಿಸಬೇಕೆಂದು ಸೂಚಿಸಿತು. ತೈಲ ಸಂಸ್ಕರಣೆ ಅವುಗಳಲ್ಲೊಂದು. ಆದರೆ ಚಿಮಣಿಗೆ ಕೂರಿಸಿದ ಉಪಕರಣವು ವಾಲ್ವಿನ ಸಂದಿನಿಂದ ಹೋಗುವುದನ್ನು ಅರಿಯದು.

ಕರ್ನಾಟಕದ ಏಕೈಕ ಸಂಸ್ಕರಣಾಗಾರ ಮಂಗಳೂರಿನ ಉತ್ತರಕ್ಕಿರುವ ಎಂಆರ್‌ಪಿಎಲ್. 1996ರಲ್ಲಿ ಉತ್ಪಾದನೆ ಆರಂಭಿಸಿ, ಈಗ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯಕ್ಕೆ ಬೆಳೆದಿರುವ ಈ ಸ್ಥಾವರದ ಸುತ್ತ ಜೋಕಟ್ಟೆ, ಕುತ್ತೆತ್ತೂರಿನಂಥ ಊರುಗಳಿವೆ. ಜೋಕಟ್ಟೆಯ ನಿವಾಸಿಗಳು ತೈಲದ ಭಾರವಾದ ಶೇಷದಿಂದ ತಯಾರಾಗುವ ಕೋಕ್ ಎಂಬ ಇಂಗಾಲದ ಧೂಳಿನ ವಿರುದ್ಧ ಚಳವಳಿ ನಡೆಸಿದ್ದೂ ಉಂಟು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ, ಪರಿಸರ ಅನುಮತಿ ಪಡೆದ ಪ್ರತಿ ಯೋಜನೆಯೂ ಅದರ ಷರತ್ತುಗಳನ್ನು ಎಷ್ಟರಮಟ್ಟಿಗೆ ಪಾಲಿಸಿದೆ ಎಂಬ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಂಬಂಧಪಟ್ಟ ನಿಯಂತ್ರಣ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಆ ವರದಿಗಳು ಸಾರ್ವಜನಿಕ ದಾಖಲೆಗಳು. ಅರ್ಜಿ ಸಲ್ಲಿಸಿದವರು ಯಾರೇ ಆಗಿರಲಿ, ಪ್ರಾಧಿಕಾರ ಅವರಿಗೆ ಅದರ ಪ್ರತಿಯನ್ನು ಕೊಡಬೇಕು.